ಕೆಲಸ ಹೋಯ್ತು, ಎದೆಗೆ ಹೊಲಿಗೆಯೂ ಬಿತ್ತು: ಚಿಕ್ಕಮ್ಮನ ಕಿವಿಮಾತು

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ. "ಚಿಕ್ಕಮ್ಮ, ಬಂದವರೆಲ್ಲ ಧೈರ್ಯವಾಗಿರು, ಪಾಸಿಟಿವ್ ಆಗಿರು ಅಂತಾರೆ. ಹೇಗೆ ಅಂತ ಮಾತ್ರ ಒಬ್ಬರೂ ಹೇಳೋದಿಲ್ಲ" ಅಂದೆ. ನಲವತ್ತಾರನೇ ವಯಸ್ಸಿಗೆ ಕಂಪನಿಯವರು ನೋಟಿಸ್ ಕೊಟ್ಟರು, ಆ ನೋಟಿಸ್ ಅವಧಿ ಮುಗಿಯುವ ಮುಂಚೆಯೇ ಬೈಪಾಸ್ ಆಯ್ತು. ಇಂಥವನಿಗೆ ಬರೀ ಧೈರ್ಯ ಹೇಳಿ ಕಾಫಿ ಕುಡಿದು ಹೋಗುವವರ ಮೇಲೆ ಸಿಟ್ಟು ಬಂದರೆ ತಪ್ಪೇನಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ನಿನ್ನ ಚಿಕ್ಕಪ್ಪನ ಫ್ಯಾಕ್ಟರಿಗೆ ಬೀಗ ಬಿದ್ದಾಗ ಒಂದೇ ಸಂಬಳದಲ್ಲಿ ಮನೆ ತೂಗಿಸಿದವಳು. ವಾರ್ಡಿನಲ್ಲಿ ನಾನು ಕಂಡಂತೆ, ಬೇಗ ಎದ್ದು ಓಡಾಡಿದವರೆಲ್ಲ ನಗುನಗುತ್ತಾ ಇದ್ದವರೇನಲ್ಲ. ಈ ವಾರ ಮೈಗೆ ಏನಾಗುತ್ತೆ, ಏನಾಗೋದಿಲ್ಲ ಅಂತ ಸರಿಯಾಗಿ ತಿಳಿದುಕೊಂಡು, ಆಗುವಷ್ಟನ್ನು ದಿನಾ ಮಾಡಿದವರು. ಗೊಣಗಿಕೊಂಡೇ ಮಾಡಿದವರೂ ಬೇಕಾದಷ್ಟು ಜನ ಇದ್ದರು. ಆದ್ದರಿಂದ ನಗು ಅಂತ ನಾನು ಹೇಳೋದಿಲ್ಲ. ಮಾಡಬೇಕಾದ್ದನ್ನು ಬರೆದು ಕಳಿಸ್ತಿದ್ದೀನಿ. ನಿನ್ನ ಹಾಗೇ ಮನೆಯಲ್ಲಿ ಕೂತಿರುವ ಬೇರೆಯವರೂ ಓದಿಕೊಳ್ಳಲಿ.

• ಎರಡು ನೋಟ್‌ಬುಕ್ ತರಿಸಿಕೋ. ಒಂದು ಮೈಯದು, ಒಂದು ಕೆಲಸದ್ದು. ಆಪರೇಷನ್ನಿನಲ್ಲಿ ನಿನ್ನ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಆಮೇಲೆ ಸ್ಟೀಲ್ ತಂತಿಯಲ್ಲಿ ಬಿಗಿದಿದ್ದಾರೆ. ಅದು ಕೂಡಿಕೊಳ್ಳೋಕೆ 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗೋಕೆ ಸುಮಾರು 3 ತಿಂಗಳು. ನೀನು ಎಷ್ಟು ಬುದ್ಧಿವಂತನಾದರೂ ಆ ಮೂಳೆ ಒಂದು ವಾರ ಮುಂಚೆ ಕೂಡೋದಿಲ್ಲ. ಕೆಲಸ ಸಿಗೋದಕ್ಕೆ ಇಂಥ ವಾಯಿದೆ ಯಾವುದೂ ಇಲ್ಲ, ನಾಳೆಯೂ ಸಿಗಬಹುದು, ಆರು ತಿಂಗಳೂ ಆಗಬಹುದು. ಮನಸ್ಸು ಕೆಡೋದು ಇವೆರಡನ್ನೂ ಕಲಸಿಕೊಂಡಾಗ. ರಾತ್ರಿ ಎರಡು ಗಂಟೆಗೆ ಹೊಲಿಗೆ ಚುಚ್ಚಿ ಎಚ್ಚರವಾದರೆ "ಇನ್ನು ನನಗೆ ಯಾರು ಕೆಲಸ ಕೊಡ್ತಾರೆ" ಅನ್ನಿಸುತ್ತೆ. ಯಾವುದೋ ಕಂಪನಿಯಿಂದ ಇಲ್ಲ ಅಂತ ಮೇಲ್ ಬಂದ ದಿನ ಎದೆ ಹಿಡಿದ ಹಾಗಾಗುತ್ತೆ. ಒಂದರ ಸುಸ್ತನ್ನು ಇನ್ನೊಂದರ ಖಾತೆಗೆ ಬರೆಯಬೇಡ.

ಮೊದಲ ಆರು ವಾರ ದೊಡ್ಡ ತೀರ್ಮಾನ ಯಾವುದೂ ಬೇಡ. ಫ್ಲಾಟ್ ಮಾರಿ ಊರಿಗೆ ಹೋಗೋದು, ಸ್ನೇಹಿತನ ಜೊತೆ ಸೇರಿ ಹೋಟೆಲ್ ಹಾಕೋದು, ಇದ್ದ ದುಡ್ಡನ್ನೆಲ್ಲ ಶೇರಿಗೆ ಹಾಕೋದು, ಇವೆಲ್ಲ ಮಲಗಿದವನ ತಲೆಗೆ ತುಂಬಾ ಸುಲಭವಾಗಿ ಹೊಳೆಯುತ್ತವೆ. ಬರೆದಿಡು. ಏಳನೇ ವಾರ ಓದು. ವಾಯಿದೆ ಇರುವ ಕಾಗದಪತ್ರದ ಕೆಲಸ ಮಾತ್ರ ಈಗಲೇ ಮಾಡು, ಅದನ್ನು ಮುಂದೆ ಹೇಳ್ತೀನಿ.

• ಮೈಯ ವಿಷಯ. ನಾಲ್ಕೈದು ಕೆಜಿಗಿಂತ ಭಾರ ಎತ್ತಬೇಡ. ಅಂದರೆ ನೀರು ತುಂಬಿದ ಬಿಂದಿಗೆ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಓಡಿ ಬರುವ ಚಿಕ್ಕ ಮಗಳನ್ನೂ ಎತ್ತಿಕೊಳ್ಳುವ ಹಾಗಿಲ್ಲ. ಕೂತು ತೊಡೆಯ ಮೇಲೆ ಕೂರಿಸಿಕೋ. ಹಾಸಿಗೆಯಿಂದ ಏಳುವಾಗ ಎರಡೂ ಕೈ ಊರಿ ಎದೆಯ ಮೇಲೆ ಭಾರ ಬಿಡಬಾರದು. ಮೊದಲು ಪಕ್ಕಕ್ಕೆ ಹೊರಳು, ಕಾಲನ್ನು ಕೆಳಗೆ ಬಿಡು, ಆಮೇಲೆ ಏಳು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಗಟ್ಟಿಯಾಗಿ ಒತ್ತಿ ಹಿಡಿದು ಕೆಮ್ಮು. ನೋವಾಗುತ್ತೆ ಅಂತ ಕೆಮ್ಮನ್ನು ನುಂಗಿಕೊಂಡರೆ ಕಫ ಶ್ವಾಸಕೋಶದಲ್ಲೇ ಕೂರುತ್ತೆ.

ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬ ಕೊಟ್ಟಿರ್ತಾರಲ್ಲ, ಅದನ್ನು ಊದೋದಲ್ಲ, ಎಳೆಯೋದು. ಓದಿದವರೂ ಊದ್ತಾ ಕೂತಿರ್ತಾರೆ, ಚೆಂಡು ಮೇಲೇಳಲಿಲ್ಲ ಅಂತ ಡಬ್ಬವನ್ನೇ ಬೈತಾರೆ. ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರು ಒಳಗೆ ಎಳೆದು, ಚೆಂಡು ಮೇಲಿದ್ದಾಗ ಎರಡು ಮೂರು ಸೆಕೆಂಡ್ ಹಿಡಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಬೈಪಾಸಿಗೆ ಅಂತ ನರ ತೆಗೆದ ಕಾಲು ಊದಿಕೊಳ್ಳುತ್ತೆ, ಕೂತಾಗ ಸ್ಟೂಲಿನ ಮೇಲಿಡು, ಕಾಲ ಮೇಲೆ ಕಾಲು ಹಾಕಿ ಕೂರಬೇಡ. ನಡಿಗೆ ಮೊದಲು ಮನೆಯೊಳಗೇ, ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಆಮೇಲೆ ಬೀದಿ, ಆಮೇಲೆ ಪಾರ್ಕು. ನಡೆಯುವಾಗ ಮಾತಾಡೋಕೆ ಆಗ್ತಿರಬೇಕು, ಏದುಸಿರು ಬಂದರೆ ನಿಲ್ಲಿಸು. ಸ್ಕೂಟರ್ ಕೀಲಿಯನ್ನು ನಿನ್ನ ಹೆಂಡತಿಯ ಕೈಯಲ್ಲಿ ಕೊಟ್ಟುಬಿಡು, ಡಾಕ್ಟರು ಹೇಳಿದ ಮೇಲೆ ಇಸ್ಕೋ.

• ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆ. ಒಂದೇ ದಿನದಲ್ಲಿ ಒಂದು ಕೆಜಿಗಿಂತ ಹೆಚ್ಚಿದರೆ ಅಥವಾ ವಾರದಲ್ಲಿ ಎರಡು ಕೆಜಿ ದಾಟಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಡಾಕ್ಟರಿಗೆ ತಿಳಿಸು. ಜ್ವರ 100.4 ಡಿಗ್ರಿ ದಾಟಿದರೆ, ಗಾಯದಿಂದ ಕೀವು ಬಂದರೆ, ಕೆಮ್ಮಿದಾಗ ಎದೆಮೂಳೆ ಕಟಕ್ ಅಂದ ಹಾಗಾದರೆ ಅವತ್ತೇ ಫೋನ್ ಮಾಡು. ಉಸಿರು ಕಟ್ಟಿದರೆ, ಹೊಸ ಥರದ ಎದೆನೋವು ಬಂದರೆ 108. ಪಕ್ಕದ ಮನೆಯವರ ಕಾರು ಸಿಗುತ್ತಾ ಅಂತ ಕಾಯಬೇಡ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ಯಾವುದಕ್ಕೆ ಹೆದರಬೇಕು ಅಂತ ಅಲ್ಲಿ ಬರೆದಿದ್ದರೆ ಮಿಕ್ಕ ನೋವಿಗೆಲ್ಲ ಹೆದರೋದು ತಪ್ಪುತ್ತೆ.

• ಹೇಳೋಕೆ ಎಲ್ಲರೂ ನಾಚ್ತಾರೆ, ನಾನು ಹೇಳ್ತೀನಿ: ಮಲಬದ್ಧತೆ. ನೋವಿನ ಮಾತ್ರೆಯಿಂದ, ಮಲಗಿದ್ದರಿಂದ ಆಗೇ ಆಗುತ್ತೆ. ತಿಣುಕಬೇಡ. ಪರಂಗಿಹಣ್ಣು ತಿನ್ನು, ಡಾಕ್ಟರು ಹೇಳಿದಷ್ಟು ನೀರು ಕುಡಿ, ಅದಕ್ಕೂ ಆಗದಿದ್ದರೆ ಔಷಧಿ ಬರೆಸಿಕೋ. ಅರ್ಧ ಜನರ "ಮನಸ್ಸು ಸರಿಯಿಲ್ಲ" ಇದರಿಂದಲೇ ಶುರುವಾಗಿರುತ್ತೆ.

• ಅಮ್ಮನ ಜೊತೆ ಪಥ್ಯದ ಜಗಳ ಬೇಡ. ಅಕ್ಕ ನನಗೆ ಗೊತ್ತಿಲ್ಲವಾ? ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ತಿಂದರೆ ಗಾಯ ಕೀವಾಗುತ್ತೆ ಅಂತಾಳೆ. ಬದನೆಕಾಯಿ ಬಿಟ್ಟರೆ ನಷ್ಟ ಏನೂ ಇಲ್ಲ, ಬಿಟ್ಟುಬಿಡು, ಅವಳಿಗೂ ಸಮಾಧಾನ. ಮೊಟ್ಟೆಯನ್ನು ಮಾತ್ರ ಬಿಡಬೇಡ. ಕೊಯ್ದ ಗಾಯ ಮಾಯೋಕೆ ಪ್ರೋಟೀನ್ ಬೇಕೇ ಬೇಕು. ಮೊಟ್ಟೆ ಆಗದವರು ಹೆಸರುಕಾಳು, ಕಡಲೆ, ಮೊಸರು, ಪನೀರ್ ತಿನ್ನಲಿ. ಗಾಯಕ್ಕೆ ನಿಜವಾದ ನಂಜು ಎರಡು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮತ್ತು ಸಿಗರೇಟು. ಈ ಎರಡರ ಬಗ್ಗೆ ಪಥ್ಯ ಹೇಳುವ ಹಿರಿಯರು ನಮ್ಮಲ್ಲಿ ಕಡಿಮೆ.

ನಾಲಿಗೆಗೆ ರುಚಿ ಹತ್ತೋದಿಲ್ಲ ಅಂದೆಯಲ್ಲ, ಅದು ಕೆಲವು ವಾರ ಹಾಗೇ ಇರುತ್ತೆ. ಒಂದೇ ಸಲ ತಟ್ಟೆ ತುಂಬ ಬಡಿಸಿಕೊಂಡು ನೋಡುತ್ತಾ ಕೂರಬೇಡ, ಸ್ವಲ್ಪ ಸ್ವಲ್ಪವಾಗಿ ಐದು ಸಲ ತಿನ್ನು. ರಾಗಿ ಗಂಜಿಗೆ ಮಜ್ಜಿಗೆ, ಒಂದು ಚಿಟಿಕೆ ಜೀರಿಗೆ ಪುಡಿ. ಉಪ್ಪು ಕಡಿಮೆ.

• ಅಳು ಬರುತ್ತೆ. ಬೈಪಾಸ್ ಆದವರಲ್ಲಿ ತುಂಬಾ ಜನಕ್ಕೆ ಮೊದಲ ಕೆಲವು ವಾರ ಕಾರಣವಿಲ್ಲದೆ ಕಣ್ಣು ತುಂಬುತ್ತೆ, ನಿದ್ದೆ ಕೆಡುತ್ತೆ, ಓದಿದ್ದು ತಲೆಗೆ ಹೋಗೋದಿಲ್ಲ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಮೀಸೆ ತಿರುವಿದವರು ಟಿವಿಯಲ್ಲಿ ಸೀರಿಯಲ್ ನೋಡಿ ಬಿಕ್ಕಳಿಸಿದ್ದನ್ನು ಕಂಡಿದ್ದೀನಿ. ಅದು ಆಪರೇಷನ್ನಿನ ಒಂದು ಭಾಗ ಅಂತ ಯಾರೂ ಮೊದಲೇ ಹೇಳಿರೋದಿಲ್ಲ, ಅದಕ್ಕೇ ಜನ ತಮಗೆ ಬುದ್ಧಿ ಕೆಟ್ಟಿತೇನೋ ಅಂತ ಹೆದರ್ತಾರೆ. ನಿನಗೋ, ಮೇಲಿಂದ ಕೆಲಸ ಹೋದ ನೋವು ಬೇರೆ. ಬಹುಪಾಲು ಜನಕ್ಕೆ ದಿನ ಕಳೆದ ಹಾಗೆ ತಾನಾಗಿ ಇಳಿಯುತ್ತೆ.

ಎರಡು ವಾರ ಸತತವಾಗಿ ಯಾವುದರಲ್ಲೂ ಆಸಕ್ತಿ ಬರದಿದ್ದರೆ, ನಾನಿದ್ದು ಏನು ಪ್ರಯೋಜನ ಅನ್ನುವ ಯೋಚನೆ ಒಂದೇ ಸಲ ಬಂದರೂ, ಹೃದಯದ ಡಾಕ್ಟರಿಗೇ ಹೇಳು. ಅವರ ಹತ್ತಿರ ಹೇಳೋಕೆ ಸಂಕೋಚವಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಡಾಕ್ಟರು ಮಾತ್ರೆ ಬರೆದರೆ ತಗೋ. ಕೊಲೆಸ್ಟ್ರಾಲಿಗೆ ಮಾತ್ರೆ ನುಂಗುವವನು ಮನಸ್ಸಿಗೆ ನುಂಗೋದಿಲ್ಲ ಅಂದರೆ ಯಾವ ನ್ಯಾಯ?

• ಧೈರ್ಯ ತುಂಬೋಕೆ ಕ್ರಿಕೆಟಿಗ ಕುಂಬ್ಳೆ ಕಥೆ ಹೇಳುವವರ ಮಾತಿಗೆ ಪೂರ್ತಿ ಮರುಳಾಗಬೇಡ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದುಕೊಂಡು, ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾ ವಿಕೆಟ್ ತೆಗೆದದ್ದನ್ನು ಎಲ್ಲರೂ ನೆನೀತಾರೆ. ಆಮೇಲೆ ಆಪರೇಷನ್ನಿಗೆ ಅವರು ಊರಿಗೆ ವಾಪಸು ಬಂದದ್ದನ್ನು ಮರೀತಾರೆ. ನಾನು ರೋಗಿಗಳಿಗೆ ಹೇಳ್ತಿದ್ದದ್ದು ಅದಕ್ಕೂ ಹಿಂದಿನ ಕಥೆ. ಭುಜದ ಆಪರೇಷನ್ ಆಗಿ ಅವರು 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡರು. ಲಕ್ಷ್ಮಣ್, ದ್ರಾವಿಡ್ ಈಡನ್ ಗಾರ್ಡನ್ಸ್‌ನಲ್ಲಿ ಇಡೀ ದಿನ ಆಡಿದರಲ್ಲ, ಅದೇ ಸರಣಿ. ಕುಂಬ್ಳೆ ಮನೆಯಲ್ಲಿದ್ದಾಗ ಇನ್ನೊಬ್ಬ ಸ್ಪಿನ್ನರ್ ಹರ್ಭಜನ್ ಮೂರೇ ಟೆಸ್ಟಿನಲ್ಲಿ 32 ವಿಕೆಟ್ ತೆಗೆದರು. ಭುಜ ಕಟ್ಟಿಕೊಂಡು ಕೂತವರಿಗೆ, ತನ್ನ ಜಾಗ ಇನ್ನೊಬ್ಬರದಾಯ್ತು ಅನ್ನೋಕೆ ಇದಕ್ಕಿಂತ ಬೇರೆ ಕಾರಣ ಬೇಕಾ? ಭುಜ ಸರಿಯಾಗುವವರೆಗೆ ಕಾದು, ವಾಪಸು ಬಂದು, ಹರ್ಭಜನ್ ಜೊತೆಗೇ ವರ್ಷಗಟ್ಟಲೆ ಬೌಲಿಂಗ್ ಮಾಡಿ, ನಾಯಕನೂ ಆಗಿ, 2008ರಲ್ಲಿ ನಿವೃತ್ತರಾದಾಗ 619 ವಿಕೆಟ್. ಬ್ಯಾಂಡೇಜಿನ ಕಥೆ ಒಂದು ದಿನದ್ದು, ಭುಜದ ಕಥೆ ತಿಂಗಳುಗಟ್ಟಲೆಯದು. ನಿನಗೆ ಬೇಕಾದ್ದು ಎರಡನೆಯದು.

• ನೋಡೋಕೆ ಬರುವವರಿಗೆ ಹೊತ್ತು ಗೊತ್ತುಮಾಡು. ಸಂಜೆ 4ರಿಂದ 5. ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಿನ್ನ ಹೆಂಡತಿ ಹಾಕಿಬಿಡಲಿ, ಡಾಕ್ಟರು ಹೇಳಿದ್ದಾರೆ ಅಂತ. ಡಾಕ್ಟರ ಹೆಸರಿಗೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಸೇಬು, ಮೂಸಂಬಿ ಹಿಡಿದು ಬಂದು "ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು, ಪಾಪ" ಅಂತ ಶುರು ಮಾಡ್ತಾರೆ. ಆ "ಪಾಪ" ಬಂತು ಅಂದರೆ ಕಥೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಲ್ಲ, ಕಾಫಿ ತರಿಸಿ ಮಾತು ತಿರುಗಿಸು.

ನಿಮ್ಮಮ್ಮನ ಭಯಕ್ಕೆ ಮಾತ್ರ ಸಮಾಧಾನವಾಗಿ ಉತ್ತರ ಕೊಡು. ಅವಳ ಕಾಲಕ್ಕೆ ಬೈಪಾಸ್ ಅಂದರೆ ಕೇಳರಿಯದ ಮಾತು. ಫವಲೋರೊ ಅನ್ನುವ ಅರ್ಜೆಂಟೀನಾದ ಡಾಕ್ಟರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸಿದ್ದು 1967ರಲ್ಲಿ. ನಮ್ಮ ದೇಶದಲ್ಲಿ ಮೊದಲ ಬೈಪಾಸ್ ಆದದ್ದು 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಕೈಯಲ್ಲಿ. ಇವತ್ತು ಅದು ನಮ್ಮ ಜಯದೇವದಂಥ ಆಸ್ಪತ್ರೆಗಳಲ್ಲಿ ನಿತ್ಯದ ಕೆಲಸ. ಇದನ್ನು ಅಕ್ಕನಿಗೆ ಹೇಳು, ನಾನು ಹೇಳಿದೆ ಅಂತ ಹೇಳು.

"ಈಗ ಯಾವ ಕಂಪನಿ?" ಅಂತ ಕೇಳುವವರಿಗೆ ಒಂದೇ ವಾಕ್ಯ ಸಿದ್ಧವಾಗಿರಲಿ: "ಕೆಲಸ ಹೋಗಿದೆ, ಮೈ ಸರಿಯಾದ ಮೇಲೆ ಹುಡುಕ್ತೀನಿ, ನಿಮಗೆ ಗೊತ್ತಿರುವ ಕಡೆ ಇದ್ದರೆ ಹೇಳಿ." ಮುಚ್ಚಿಟ್ಟರೆ ಮುಚ್ಚಿಡುವ ಕೆಲಸವೇ ದಿನವೆಲ್ಲ ಆಗುತ್ತೆ. ಕೇಳಿದವರಲ್ಲಿ ಒಬ್ಬರಾದರೂ ನಿಜವಾಗಿ ಹೇಳಿ ಕಳಿಸ್ತಾರೆ.

• ನೋವಿನ ಮಾತ್ರೆಯ ಮಂಪರಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡ, ಮೊಬೈಲಿನಲ್ಲಿ "ಒಪ್ಪಿಗೆ" ಅಂತ ಒತ್ತಲೂ ಬೇಡ. ಕಂಪನಿಯಿಂದ ಏನೇ ಬಂದರೂ "ಆಸ್ಪತ್ರೆಯಿಂದ ಬಂದಿದ್ದೀನಿ, ಓದಿ ಇಂಥ ದಿನ ಉತ್ತರಿಸ್ತೀನಿ" ಅಂತ ಮೇಲ್ ಮಾಡು. ತೆಗೆದುಹಾಕಿದ್ದನ್ನು "ಸ್ವಂತ ಇಚ್ಛೆಯಿಂದ ರಾಜೀನಾಮೆ" ಅಂತ ಬರೆಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಸಹಿ ಹಾಕಿದ ಮೇಲೆ ಪರಿಹಾರ ಕೇಳುವ ದಾರಿ ಕಿರಿದಾಗುತ್ತೆ. ಅನುಮಾನ ಬಂದರೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಒಂದು ಸಲ ತೋರಿಸು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇರೋದು ನಿನ್ನಂಥವರಿಗೂ ಹೌದು, ಟೈ ಕಟ್ಟಿದವರಿಗೆ ಅಲ್ಲಿ ಪ್ರವೇಶವಿಲ್ಲ ಅಂತೇನಿಲ್ಲ. ಐಟಿ ನೌಕರರದೇ ಸಂಘವೂ ಕರ್ನಾಟಕದಲ್ಲಿ 2017ರಿಂದ ಇದೆ.

• ಬರಬೇಕಾದ ದುಡ್ಡಿನ ಲೆಕ್ಕ ನೀನೇ ಹಾಕು. ಗ್ರ್ಯಾಚುಯಿಟಿ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸು. 60,000 ಮೂಲವೇತನ, 11 ವರ್ಷ ಅಂದರೆ 3,80,769 ರೂಪಾಯಿ. 1972ರ ಕಾಯ್ದೆ ತಂದ ಈ 15/26ರ ಲೆಕ್ಕ ಹೊಸ ಕಾರ್ಮಿಕ ಸಂಹಿತೆಯಲ್ಲೂ ಮುಂದುವರಿದಿದೆ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು. ಅವರು ಕೊಟ್ಟಷ್ಟನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬರಬೇಡ, ತಾಳೆ ನೋಡು.

ಪಿಎಫ್ ದುಡ್ಡನ್ನು ಕೆಲಸ ಹೋದ ತಕ್ಷಣ ಬಾಚಬೇಡ. 10 ವರ್ಷ ಸೇವೆ ದಾಟಿದವರಿಗೆ 58ಕ್ಕೆ ಪಿಂಚಣಿ ಬರುತ್ತೆ. 5 ವರ್ಷ ತುಂಬದೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತೆ. ಹಿಂಪಡೆಯುವ ನಿಯಮಗಳು ಈಚೆಗೆ ಬದಲಾಗಿವೆ, ಗ್ರೂಪಿನಲ್ಲಿ ಬಂದದ್ದನ್ನು ನಂಬದೆ ಇಪಿಎಫ್‌ಒ ಜಾಲತಾಣದಲ್ಲೇ ನೋಡು. ಕಂಪನಿಯವರು ನೀನು ಕೆಲಸ ಬಿಟ್ಟ ದಿನಾಂಕ ನಮೂದಿಸಿದ್ದಾರಾ ಅಂತ ನೋಡೋದನ್ನು ಮರೆಯಬೇಡ. ಅವರು ಮಾಡದಿದ್ದರೆ ಕೊನೆಯ ಕಂತು ಕಟ್ಟಿ 2 ತಿಂಗಳಾದ ಮೇಲೆ ನೀನೇ ಆನ್‌ಲೈನಿನಲ್ಲಿ ನಮೂದಿಸಬಹುದು.

ನಿನ್ನ ಜೊತೆಗೇ ಹೌಸ್‌ಕೀಪಿಂಗ್, ಸೆಕ್ಯೂರಿಟಿಯವರನ್ನೂ ತೆಗೆದರು ಅಂದೆಯಲ್ಲ, ಅವರಿಗೆ ಇಎಸ್‌ಐ ಇರುತ್ತೆ. ಕೆಲಸ ಹೋದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವಮಾನದಲ್ಲಿ ಒಂದು ಸಲ ಕೊಡ್ತಾರೆ. ಅವಧಿಯನ್ನು ಆಗಾಗ ವಿಸ್ತರಿಸುವ ಯೋಜನೆ ಅದು, ಈಗಿನ ಷರತ್ತು ಏನು ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳೋಕೆ ಹೇಳು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಿನಗೆ ಮಲಗಿದಲ್ಲೇ ಮಾಡಬಹುದಾದ ಪುಣ್ಯದ ಕೆಲಸ ಇದು, ನಾಲ್ಕು ಫೋನ್ ಮಾಡು.

• ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗಬೇಡ, ತಪ್ಪುವ ಮುಂಚೆ ಹೋಗು. ಗೃಹಸಾಲದ ಅವಧಿ ಹೆಚ್ಚಿಸಿ ಇಎಂಐ ಇಳಿಸೋಕೆ ಆಗುತ್ತಾ ಅಂತ ಕೇಳು. ಮ್ಯಾನೇಜರ್ ಮುಖ ನೋಡಿ ಮಾತಾಡು, ಕಾಲ್ ಸೆಂಟರ್ ಬೇಡ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರ ಹತ್ತಿರ ಸುಳಿಯಬೇಡ. ಕೈ ಕಟ್ಟಿದರೆ ಬಂಗಾರವನ್ನು ಬ್ಯಾಂಕಿನಲ್ಲೇ ಇಟ್ಟು ತಗೋ, ನಾವೂ ಇಟ್ಟಿದ್ದೆವು, ಬಿಡಿಸಿಕೊಂಡೆವು. ಔಷಧಿಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸು, ಬಹಳ ಅಗ್ಗ. ಡಾಕ್ಟರಿಗೆ ತೋರಿಸಿ, ಅದೇ ಔಷಧಿ, ಅದೇ ಮಿಲಿಗ್ರಾಂ ಹೌದಾ ಅಂತ ಖಾತ್ರಿ ಮಾಡಿಕೊಂಡು ಬದಲಾಯಿಸು. ದುಡ್ಡು ಉಳಿಸೋಕೆ ಅಂತ ಮಾತ್ರೆ ನಿಲ್ಲಿಸುವವರಿದ್ದಾರೆ. ಆಸ್ಪಿರಿನ್ನು, ಕೊಲೆಸ್ಟ್ರಾಲಿನ ಮಾತ್ರೆ ಎರಡನ್ನೂ ಡಾಕ್ಟರು ಹೇಳದೆ ನಿಲ್ಲಿಸಿದರೆ ಆಪರೇಷನ್ ಮಾಡಿಸಿಕೊಂಡದ್ದೇ ದಂಡ.

• ಬೆಳಿಗ್ಗೆ ಎದ್ದು ಷೇವ್ ಮಾಡಿಕೊಂಡು ಷರ್ಟ್ ಹಾಕಿಕೋ. ನಿನ್ನ ಚಿಕ್ಕಪ್ಪ ಫ್ಯಾಕ್ಟರಿ ಮುಚ್ಚಿದ ಮೇಲೂ ಸೈರನ್ ಹೊತ್ತಿಗೇ ಏಳ್ತಿದ್ದರು, ಸೈರನ್ ಇಲ್ಲದೆಯೂ. ಇಸ್ತ್ರಿ ಷರ್ಟು, ಜೇಬಿನಲ್ಲಿ ಪೆನ್ನು. ಎಂಟೂವರೆಗೆ ಜಗಲಿಯಲ್ಲಿ ಕೂತು ಪತ್ರಿಕೆಯ ವರ್ಗೀಕೃತ ಜಾಹೀರಾತಿಗೆಲ್ಲ ಕೆಂಪು ಗೆರೆ ಎಳೀತಿದ್ದರು. ಬೀದಿಯವರು ಏನಂದುಕೊಂಡರೋ ಗೊತ್ತಿಲ್ಲ, ನನಗೆ ಮಾತ್ರ ಅವರು ಲುಂಗಿಯಲ್ಲಿ ಹನ್ನೊಂದರವರೆಗೆ ಮಲಗಿದ್ದರೆ ಆಗುತ್ತಿದ್ದ ದಿಗಿಲು ಆಗಲಿಲ್ಲ.

ಮಧ್ಯಾಹ್ನಕ್ಕೆ ಕೈಗೊಂದು ಕೆಲಸ ಇಟ್ಟುಕೋ. ಭಾರ ಇಲ್ಲದ್ದು, ಮುಗಿದದ್ದು ಕಣ್ಣಿಗೆ ಕಾಣುವಂಥದ್ದು. ಅವರೆಕಾಯಿ ಕಾಲವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ರಾತ್ರಿ ನೆನೆಸಿದ ಕಾಳನ್ನು ಬೋಸಿಯಲ್ಲಿಟ್ಟುಕೊಂಡು ಹಿತುಕ್ತಾ ಕೂತರೆ, ಹೆಬ್ಬೆರಳು ಒತ್ತಿದ ಕೂಡಲೇ ಬೇಳೆ ಪುಸಕ್ ಅಂತ ಚಿಮ್ಮುತ್ತೆ, ಸಿಪ್ಪೆ ಒಂದು ಕಡೆ ಗುಡ್ಡೆಯಾಗುತ್ತೆ. ಎದೆಗೆ ಶ್ರಮ ಇಲ್ಲ, ಒಂದು ಗಂಟೆ ತಲೆಯೂ ಖಾಲಿ. ಸಂಜೆ ಅದೇ ಹಿತುಕಿದಬೇಳೆ ಸಾರು. ಮನೆಗೆ ನನ್ನಿಂದ ಏನೂ ಆಗ್ತಿಲ್ಲ ಅನ್ನುವ ಕೊರಗಿಗೆ ನಾನು ಕಂಡ ಔಷಧಿಗಳಲ್ಲಿ ಇದು ಅಗ್ಗದ್ದು.

• ನಿನ್ನ ಹೆಂಡತಿ ಎಷ್ಟು ಗಂಟೆ ಮಲಗ್ತಾಳೆ ಅಂತ ವಿಚಾರಿಸಿದ್ದೀಯಾ? ರೋಗಿಯನ್ನು ಎಲ್ಲರೂ ಕೇಳ್ತಾರೆ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತವಳನ್ನು ಯಾರೂ ಕೇಳೋದಿಲ್ಲ. ಆಸ್ಪತ್ರೆ, ಆಫೀಸು, ಮಕ್ಕಳ ಹೋಮ್‌ವರ್ಕು, ನಿನ್ನ ಮಾತ್ರೆ ಎಲ್ಲ ಅವಳ ತಲೆಯ ಮೇಲಿದೆ. ವಾರಕ್ಕೆ ಅರ್ಧ ದಿನ ಅವಳನ್ನು ತವರಿಗೋ ಸಿನಿಮಾಕ್ಕೋ ಕಳಿಸು, ಆ ಹೊತ್ತು ನಿನ್ನ ತಮ್ಮ ಬಂದು ಕೂರಲಿ. ಮಾತ್ರೆ ಡಬ್ಬಿಯನ್ನು ವಾರಕ್ಕೊಮ್ಮೆ ನೀನೇ ತುಂಬು. ನಿನ್ನ ರೇಗಾಟವನ್ನು ಅವಳ ಮೇಲೆ ತೀರಿಸಿಕೊಳ್ಳೋದು ಸುಲಭ, ಯಾಕೆಂದರೆ ಅವಳು ಎದ್ದು ಹೋಗೋದಿಲ್ಲ. ಈ ಮಾತನ್ನು ಎರಡು ಸಲ ಓದು.

• ಮಕ್ಕಳಿಗೆ ನಿಜ ಹೇಳು. "ಅಪ್ಪನ ಕೆಲಸ ಹೋಗಿದೆ, ಈ ವರ್ಷ ಪ್ರವಾಸ ಇಲ್ಲ, ಫೀಸಿಗೆ ತೊಂದರೆ ಇಲ್ಲ." ಅಷ್ಟು ಸಾಕು.

• ಡಾಕ್ಟರು ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟ ಮೇಲೆ ಕೆಲಸ ಹುಡುಕೋಕೆ ಬೆಳಗಿನ ಎರಡು ಗಂಟೆ ಮೀಸಲಿಡು, ಅದಕ್ಕಿಂತ ಹೆಚ್ಚು ಬೇಡ. ದಿನವೆಲ್ಲ ಮೊಬೈಲ್ ಉಜ್ಜುತ್ತಾ ಕೂತರೆ ಅದು ಹುಡುಕಾಟ ಅಲ್ಲ, ಜಪ. ನೂರು ಕಡೆ ಒಂದೇ ಅರ್ಜಿ ಹಾಕುವ ಬದಲು ಹಳೆಯ ಸಹೋದ್ಯೋಗಿಗಳಿಗೆ ದಿನಕ್ಕೆ ಇಬ್ಬರಂತೆ ಫೋನ್ ಮಾಡು. ಸಂದರ್ಶನದಲ್ಲಿ ನಡುವಿನ ತಿಂಗಳುಗಳ ಬಗ್ಗೆ ಕೇಳಿದರೆ "ಆಪರೇಷನ್ ಆಗಿತ್ತು, ಈಗ ಕೆಲಸಕ್ಕೆ ಅಡ್ಡಿಯಿಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ" ಅಂತ ಹೇಳಿ ಮುಂದಕ್ಕೆ ಹೋಗು, ಎದೆ ಬಿಚ್ಚಿ ಹೊಲಿಗೆ ತೋರಿಸಬೇಕಾಗಿಲ್ಲ. ಸಂಬಳ ಕಡಿಮೆ ಅಂದರೆ ಮೊದಲ ದಿನವೇ ತಳ್ಳಿಹಾಕಬೇಡ. ಮನೆಯಿಂದ ಎಷ್ಟು ದೂರ, ರಾತ್ರಿ ಪಾಳಿ ಇದೆಯಾ, ವಿಮೆ ಕೊಡ್ತಾರಾ ಅಂತ ಮೂರನ್ನೂ ಸೇರಿಸಿ ಲೆಕ್ಕ ಹಾಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಕ್ಕೆ ಮೂರು ಗಂಟೆ ಕೂರುವ ದೊಡ್ಡ ಸಂಬಳ ನಿನ್ನ ಹೃದಯಕ್ಕೆ ಈಗ ದುಬಾರಿ.

ನಲವತ್ತಾರು ದಾಟಿದೆ, ಇನ್ನೇನು ಅಂತ ಅಂದೆಯಲ್ಲ. ಮಾಸ್ತಿಯವರು ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟರು ಅಂತ ಮೈಸೂರು ಸರ್ಕಾರದ ಕೆಲಸ ಬಿಟ್ಟದ್ದು 1943ರಲ್ಲಿ, ಐವತ್ತು ದಾಟಿದ ಮೇಲೆ. ಅವರು ತಾವೇ ರಾಜೀನಾಮೆ ಕೊಟ್ಟವರು, ನಿನ್ನ ಹಾಗೆ ಕಳಿಸಲ್ಪಟ್ಟವರಲ್ಲ, ಆ ವ್ಯತ್ಯಾಸ ಸಣ್ಣದಲ್ಲ, ಒಪ್ಪಿದೆ. ಆದರೆ ಆಮೇಲೆ ಅವರು ಎರಡು ದಶಕ 'ಜೀವನ' ಪತ್ರಿಕೆ ನಡೆಸಿದರು. 'ಚಿಕವೀರ ರಾಜೇಂದ್ರ' ಕಾದಂಬರಿ ಬಂದದ್ದು 1956ರಲ್ಲಿ. ಅದಕ್ಕೆ ಜ್ಞಾನಪೀಠ ಬಂದದ್ದು 1983ರಲ್ಲಿ, ಕೆಲಸ ಬಿಟ್ಟು 40 ವರ್ಷವಾದ ಮೇಲೆ. ನೀನು ಕಾದಂಬರಿ ಬರೆ ಅಂತಲ್ಲ ನಾನು ಹೇಳ್ತಿರೋದು, ನಿನ್ನ ಅಕ್ಷರ ನನಗೆ ಗೊತ್ತು. ಐವತ್ತರ ಆಚೆಗೂ ಬೇಕಾದಷ್ಟು ವರ್ಷ ಇರುತ್ತೆ ಅಂತ ಅಷ್ಟೇ.

• ಕೊನೆಯದು, ಎಲ್ಲಕ್ಕಿಂತ ಅವಸರದ್ದು: ವಿಮೆ. ನಿನ್ನ ಆಪರೇಷನ್ನಿನ ಖರ್ಚು ಕೊಟ್ಟದ್ದು ಕಂಪನಿಯ ಗುಂಪು ವಿಮೆ. ಸಾಮಾನ್ಯವಾಗಿ ಅದು ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತೆ. ನಿನ್ನ ನೋಟಿಸ್ ಈ ತಿಂಗಳ ಕೊನೆಗೆ ಮುಗಿಯುತ್ತಲ್ಲ, ಅವತ್ತಿಗೆ ಅದೂ ಹೋಯ್ತು. ಬೈಪಾಸ್ ಆದವನಿಗೆ ಬೇರೆ ಕಂಪನಿ ಹೊಸದಾಗಿ ಪಾಲಿಸಿ ಕೊಡೋಕೆ ಹಿಂದೆಮುಂದೆ ನೋಡುತ್ತೆ. ಆದರೆ ಗುಂಪು ವಿಮೆಯಲ್ಲಿದ್ದವರು ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗೋಕೆ ಅರ್ಜಿ ಹಾಕಬಹುದು, ಇಷ್ಟು ವರ್ಷ ಕಳೆದ ಕಾಯುವ ಅವಧಿಯೂ ಲೆಕ್ಕಕ್ಕೆ ಬರುತ್ತೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 3 ವರ್ಷ ಮೀರುವ ಹಾಗಿಲ್ಲ ಅಂತ 2024ರಲ್ಲಿ ನಿಯಮವಾಗಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನೂ 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಈ ವೈಯಕ್ತಿಕ ಪಾಲಿಸಿ ಸಿಗದೇ ಹೋದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದವರೆಗೆ ಮಾತ್ರ.

ಡಿಸ್ಚಾರ್ಜ್ ಸಮರಿ, ಆಂಜಿಯೊಗ್ರಾಂ ವರದಿ, ಎಲ್ಲ ಬಿಲ್ಲುಗಳ ಜೆರಾಕ್ಸ್ ಮೂರು ಸೆಟ್ ಮಾಡಿಸಿ ಮೂಲಪ್ರತಿಯನ್ನು ಬೀರುವಿನಲ್ಲಿಡು. ಆಸ್ಪತ್ರೆಯಿಂದ ಬಂದ ಮೇಲಿನ ಔಷಧಿ, ತಪಾಸಣೆಯ ಬಿಲ್ಲನ್ನೂ ಪಾಲಿಸಿಯಲ್ಲಿ ಹೇಳಿದಷ್ಟು ದಿನದವರೆಗೆ ಕೇಳಬಹುದು. ಅದು 60 ದಿನವೋ 90 ದಿನವೋ ಓದಿ ನೋಡು.

ಮೇಲೆ ಹೇಳಿದ್ದರಲ್ಲಿ ಮಿಕ್ಕ ಕಾಗದಪತ್ರದ ಕೆಲಸಕ್ಕೆಲ್ಲ ಒಂದೆರಡು ವಾರ ತಡವಾದರೆ ಪರವಾಗಿಲ್ಲ, ವಿಮೆಯ ಅರ್ಜಿಗೆ ಮಾತ್ರ ತಿಂಗಳ ಕೊನೆಯೇ ಗಡುವು. ನಾಳೆ ಹತ್ತು ಗಂಟೆಗೆ ಎಚ್‌ಆರ್‌ಗೆ ಫೋನ್ ಮಾಡಿ ವಿಮಾ ಕಂಪನಿಯ ನಂಬರ್ ಇಸ್ಕೋ, ಮಧ್ಯಾಹ್ನದೊಳಗೆ ಅರ್ಜಿ ಕಳಿಸು.